ಕೊಂಡದ್ದು ಯಾವುದು, ಕೊಟ್ಟದ್ದು ಯಾವುದು?



ಪಂಚಶೀಲದ ಎರಡನೆಯ ಶೀಲವನ್ನು ನಾವು ಪ್ರತಿದಿನ ಹೇಳುತ್ತೇವೆ. ಮಕ್ಕಳಿಗೆ ಅದನ್ನು ಕನ್ನಡದಲ್ಲಿ ವಿವರಿಸುವಾಗ "ಕಳ್ಳತನ ಮಾಡುವುದಿಲ್ಲ" ಎಂದು ಚುಟುಕಾಗಿ ಮುಗಿಸಿಬಿಡುತ್ತೇವೆ. ಪಾಳಿಯ ಮಾತು ಅದಕ್ಕಿಂತ ಅಗಲವಾದದ್ದು. ಅದಿನ್ನಾದಾನ ಎಂದರೆ ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದು. ಅಲ್ಲಿ ಕಳ್ಳನ ಮಾತೇ ಇಲ್ಲ. ಕೊಟ್ಟರೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ.

ಹಾಗಾದರೆ ದುಡ್ಡು ಕೊಟ್ಟು, ರಸೀದಿ ಪಡೆದು ಕೊಂಡುಕೊಂಡ ವಸ್ತುವಿನಲ್ಲೂ ನಮಗೆ ಕೊಡದೆ ಇದ್ದದ್ದು ಏನಾದರೂ ಉಳಿದಿರಬಹುದೇ? ಇಂದಿನ ಚಿಂತನೆ ಇದೇ. ಈ ಪ್ರಶ್ನೆ ನನ್ನ ಬಳಿಗೆ ಬಂದದ್ದು ಯಾವ ಗ್ರಂಥದಿಂದಲೂ ಅಲ್ಲ, ಹಳೆಯ ಮಿನಿಡಿಸ್ಕ್ ಪ್ಲೇಯರ್‌ಗಳನ್ನು ಕೂಡಿಡುವ ಹವ್ಯಾಸದವರಿಂದ.

ನಮ್ಮಲ್ಲಿ ಬಹಳ ಮಂದಿ ಮಿನಿಡಿಸ್ಕ್ ಎಂಬುದನ್ನು ನೋಡಿಯೇ ಇರಲಾರರು. ನಮ್ಮ ಮನೆಗಳಲ್ಲಿ ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಮೊಬೈಲಿನ ಮೆಮೊರಿ ಕಾರ್ಡ್ ಬಂತು. ನಡುವೆ ಹೀಗೊಂದು ಯಂತ್ರ ಬಂದು ಹೋದದ್ದು ನಮಗೆ ಗೊತ್ತಾಗಲೇ ಇಲ್ಲ. ಜಪಾನಿನ ಸೋನಿ ಕಂಪನಿ 1992ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. 64 ಮಿಲಿಮೀಟರ್ ಅಗಲದ ಒಂದು ಪುಟ್ಟ ತಟ್ಟೆ, ಅದರ ಸುತ್ತ ಪ್ಲಾಸ್ಟಿಕ್ ಕವಚ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದಷ್ಟು ಚಿಕ್ಕದು. ಸಿ.ಡಿ.ಯ ಮಾಹಿತಿಯನ್ನು ಸುಮಾರು ಐದನೇ ಒಂದು ಭಾಗಕ್ಕೆ ಕುಗ್ಗಿಸಿ 74 ನಿಮಿಷದ ಸಂಗೀತವನ್ನು ಅದರೊಳಗೆ ತುಂಬುತ್ತಿದ್ದರು. ಮುಂದೆ 80 ನಿಮಿಷದ ಡಿಸ್ಕೂ ಬಂತು. ಒಂದು ಬದಿಯಿಂದ ಲೇಸರ್ ಕಿರಣ ತಟ್ಟೆಯ ಸೂಜಿಮೊನೆಯಷ್ಟು ಜಾಗವನ್ನು ಬಿಸಿ ಮಾಡುತ್ತದೆ, ಇನ್ನೊಂದು ಬದಿಯಿಂದ ಅಯಸ್ಕಾಂತದ ಹೆಡ್ ಅಲ್ಲಿ ಗುರುತು ಬರೆಯುತ್ತದೆ. ಬರೆದದ್ದನ್ನು ಅಳಿಸಿ ಮತ್ತೆ ಮತ್ತೆ ಬರೆಯಬಹುದು.

ಜಪಾನಿನಲ್ಲಿ ಇದು ಮನೆಮಾತಾಯಿತು. ಅಲ್ಲಿ ಸಿ.ಡಿ. ಬಾಡಿಗೆಗೆ ಕೊಡುವ ಅಂಗಡಿಗಳಿದ್ದವು. ತಂದು ಮಿನಿಡಿಸ್ಕಿಗೆ ಇಳಿಸಿಕೊಂಡು ಜೇಬಿನಲ್ಲಿಟ್ಟುಕೊಂಡು ತಿರುಗುವುದು ಅಲ್ಲಿನ ಹುಡುಗ ಹುಡುಗಿಯರಿಗೆ ರೂಢಿಯಾಗಿತ್ತು. ಆಮೇಲೆ ಎಂಪಿ3 ಬಂತು, ಐಪಾಡ್ ಬಂತು. 2011ರಲ್ಲಿ ಸೋನಿ ಜೇಬಿನ ಮಿನಿಡಿಸ್ಕ್ ವಾಕ್‌ಮನ್‌ಗಳನ್ನು ನಿಲ್ಲಿಸಿತು. 2013ರಲ್ಲಿ ಸೋನಿಯ ಉಳಿದ ಮಿನಿಡಿಸ್ಕ್ ಯಂತ್ರಗಳೂ ನಿಂತವು. 2025ರ ಫೆಬ್ರವರಿಯಲ್ಲಿ ಖಾಲಿ ಡಿಸ್ಕ್ ಮಾಡುವುದನ್ನೂ ನಿಲ್ಲಿಸಿತು.

ಕಂಪನಿ ಕೈಬಿಟ್ಟ ಮೇಲೂ ಇದನ್ನು ಕೈಬಿಡದ ಜನ ಇದ್ದಾರೆ. ಜಪಾನಿನಲ್ಲಿ, ಯುರೋಪಿನಲ್ಲಿ, ಅಮೆರಿಕದಲ್ಲಿ ಅವರು ಹಳೆಯ ಪ್ಲೇಯರ್‌ಗಳನ್ನು ಹುಡುಕಿ ತಂದು, ಒರೆಸಿ, ಬಿಚ್ಚಿ, ರಿಪೇರಿ ಮಾಡಿ ಒಂದರ ಪಕ್ಕದಲ್ಲೊಂದು ಇಟ್ಟು ಹೋಲಿಸುತ್ತಾರೆ. ಮೊಟ್ಟಮೊದಲ ಎಂಜೆಡ್-1 ಜೇಬಿಗೆ ಭಾರ, ಆದರೆ ಅದರಿಂದಲೇ ಎಲ್ಲ ಶುರುವಾದದ್ದು. 1997ರ ಎಂಜೆಡ್-ಆರ್50 ಗಟ್ಟಿಮುಟ್ಟು. 2006ರ ಎಂಜೆಡ್-ಆರ್‌ಎಚ್1 ಕೊನೆಯದು, ಹಳೆಯ ಡಿಸ್ಕಿನ ದನಿಯನ್ನು ಕಂಪ್ಯೂಟರಿಗೆ ಸಾಗಿಸಬಲ್ಲದು, ಆದರೆ ಅದರ ಪರದೆ ವರ್ಷ ಕಳೆದಂತೆ ಮಂಕಾಗುತ್ತದೆ. ಶಾರ್ಪ್ ಯಂತ್ರದ ಹೆಡ್‌ಫೋನ್ ದನಿ ಚೆಂದ ಎಂದು ಒಬ್ಬರು, ಸೋನಿಯದೇ ಮೇಲು ಎಂದು ಇನ್ನೊಬ್ಬರು.

ಇದನ್ನೆಲ್ಲ ಕೇಳಿದಾಗ ನಮ್ಮವರು ಒಂದೇ ಮಾತಿನಲ್ಲಿ ಹೇಳಿಬಿಡಬಹುದು: ಇದು ತಣ್ಹಾ, ಅಂಟು. ನನಗೆ ಹಾಗೆ ಅನ್ನಿಸುವುದಿಲ್ಲ. ಎರಡು ಯಂತ್ರಗಳನ್ನು ಕಿವಿಗೊಟ್ಟು ಕೇಳಿ ಯಾವುದು ಹೇಗೆ ಎಂದು ತಿಳಿಯುವುದು ಗಮನದ ಕೆಲಸ. ಸಿಗದ ಬ್ಯಾಟರಿಗೆ ಬದಲಿ ಹುಡುಕುವುದು, ಕೂದಲಿನಷ್ಟು ನವುರಾದ ಪಟ್ಟಿ ತಂತಿಯನ್ನು ಕೂಡಿಸುವುದು ತಾಳ್ಮೆಯ ಕೆಲಸ. ಕಂಪನಿಯ ಹಳೆಯ ಸಾಫ್ಟ್‌ವೇರ್ ಬಳಸುವುದು ಕಷ್ಟವಾದಾಗ ಈ ಹವ್ಯಾಸಿಗಳೇ ಹೊಸದನ್ನು ಬರೆದು ಎಲ್ಲರಿಗೂ ಪುಕ್ಕಟೆ ಕೊಟ್ಟರು. ಅದು ದಾನವಲ್ಲದೆ ಇನ್ನೇನು?

ಕೆಡುಕು ಹುಟ್ಟುವುದು ಹೋಲಿಕೆ ವಸ್ತುವಿನಿಂದ ವಸ್ತುವಿನ ಒಡೆಯನ ಕಡೆಗೆ ಹೊರಳಿದಾಗ. "ಇದು ಅದಕ್ಕಿಂತ ಚೆನ್ನಾಗಿ ಕೇಳಿಸುತ್ತದೆ" ಎಂಬುದು ತಿಳಿವಳಿಕೆ. "ಇದು ನನ್ನ ಬಳಿ ಇದೆ, ನಿನ್ನ ಬಳಿ ಇಲ್ಲ" ಎಂಬುದು ಮಾನ. ಧಮ್ಮದಲ್ಲಿ ಮಾನ ಎಂದರೆ ಬರೀ ಜಂಬವಲ್ಲ. ನಾನು ಮೇಲು, ನಾನು ಸಮ, ನಾನು ಕೀಳು ಎಂದು ಅಳೆಯುತ್ತಲೇ ಇರುವ ಮನಸ್ಸು, ಮೂರೂ ಮಾನವೇ. ಏಣಿಯ ಮೆಟ್ಟಿಲಿನ ಮೇಲೆ ಮನುಷ್ಯರನ್ನು ನಿಲ್ಲಿಸಿ ಅಳೆದ ಸಮಾಜದಿಂದ ಬಂದ ನಮಗೆ ಈ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಜಪಾನಿನಲ್ಲಿ ಎಂಜಿನಿಯರ್. ಅವನಿಗೂ ಈ ಹವ್ಯಾಸ ಹತ್ತಿದೆ. ಅಲ್ಲಿನ ಹಳೆ ಸಾಮಾನಿನ ಅಂಗಡಿಗಳಲ್ಲಿ "ಜಂಕ್" ಎಂದು ಬರೆದ ಬುಟ್ಟಿಗಳಿರುತ್ತವೆ. ನಡೆಯುತ್ತದೋ ಇಲ್ಲವೋ ಅಂಗಡಿಯವರ ಹೊಣೆಯಲ್ಲ ಎಂದು ಅದರ ಅರ್ಥ. ಹೊಸ ಖಾಲಿ ಡಿಸ್ಕ್ ಸಿಗುವುದು ಕಷ್ಟವಾದ್ದರಿಂದ ಇವನು ಬಳಸಿದ ಡಿಸ್ಕುಗಳ ಒಂದು ಕಟ್ಟು ಕೊಂಡ. ಹತ್ತು ಡಿಸ್ಕು. ಅಳಿಸಿ ತನ್ನ ಹಾಡು ತುಂಬಿಕೊಳ್ಳಬೇಕೆಂದಿದ್ದ. ಒಂಬತ್ತರಲ್ಲಿ ಸಿನಿಮಾ ಹಾಡು, ಪಾಪ್ ಹಾಡು. ಹತ್ತನೆಯದರ ಚೀಟಿಯ ಮೇಲೆ ಕೈಬರಹದಲ್ಲಿ ಒಂದು ಮಗುವಿನ ಹೆಸರು, ಪಿಯಾನೋ ಎಂಬ ಪದ, ಒಂದು ತಾರೀಕು.

ಮಿನಿಡಿಸ್ಕಿನ ಅಂಚಿನಲ್ಲಿ ಉಗುರಿನಿಂದ ಸರಿಸಬಹುದಾದ ಒಂದು ಪುಟ್ಟ ತುಂಡು ಇರುತ್ತದೆ. ಸರಿಸಿದರೆ ಆ ಡಿಸ್ಕಿನಲ್ಲಿ ಅಳಿಸಲಾಗದು, ಬರೆಯಲಾಗದು. ಬೀಗವಲ್ಲ ಅದು, ಯಾರು ಬೇಕಾದರೂ ಹಿಂದಕ್ಕೆ ಸರಿಸಬಹುದು. ಒಂಬತ್ತು ಡಿಸ್ಕುಗಳಲ್ಲಿ ಆ ತುಂಡು ಹಾಗೇ ಇತ್ತು. ಹತ್ತನೆಯದರಲ್ಲಿ ಮಾತ್ರ ಯಾರೋ ಸರಿಸಿದ್ದರು.

ಅವನು ನನ್ನನ್ನು ಕೇಳಿದ: "ಸರ್, ದುಡ್ಡು ಕೊಟ್ಟು ತಂದಿದ್ದೇನೆ. ಇದು ನನ್ನದಲ್ಲವೇ?"

ಅವನ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲು ನನಗೆ ಆಗಲಿಲ್ಲ. ಕಾನೂನಿನ ಲೆಕ್ಕದಲ್ಲಿ ಪ್ಲಾಸ್ಟಿಕ್ ಅವನದು. ಆದರೆ ಆ ಸರಿಸಿದ ತುಂಡು ಒಂದು ಮಾತು ಹೇಳುತ್ತಿದೆ: ಇದನ್ನು ದಯವಿಟ್ಟು ಅಳಿಸಬೇಡಿ. ಹೇಳಿದವರು ಯಾರು, ಈಗ ಎಲ್ಲಿದ್ದಾರೆ, ಇದ್ದಾರೋ ಇಲ್ಲವೋ ತಿಳಿಯದು. ಮನೆ ಖಾಲಿ ಮಾಡುವಾಗ ಯಾರೋ ಪೆಟ್ಟಿಗೆಸಮೇತ ಮಾರಿರಬಹುದು. ಮಾರಿದವರು ಡಿಸ್ಕನ್ನು ಕೊಟ್ಟರು. ಆ ಮಗುವಿನ ಬೆರಳಿನ ದನಿಯನ್ನು, ಹಿಂದೆ ಕೂತ ತಾಯಿಯ ಉಸಿರನ್ನು ಯಾರೂ ಯಾರಿಗೂ ಕೊಟ್ಟಿಲ್ಲ.

ಕೇಳುವ ಕುತೂಹಲ ಸಹಜ. ಅಪರೂಪದ ದನಿ ಸಿಕ್ಕಿತೆಂದು ನಾಲ್ಕು ಜನಕ್ಕೆ ಕೇಳಿಸುವ ಆಸೆಯೂ ಸಹಜ. ಆದರೆ ಅಳಿಸುವುದಕ್ಕಿಂತ ಹಂಚುವುದೇ ಇಲ್ಲಿ ದೊಡ್ಡ ತಪ್ಪು ಎಂದು ನನಗೆ ತೋರುತ್ತದೆ. ಅಳಿಸಿದರೆ ದನಿ ಇಲ್ಲವಾಗುತ್ತದೆ. ಹಂಚಿದರೆ ಅದು ಒಡೆಯರ ಅಪ್ಪಣೆ ಇಲ್ಲದೆ ಅಲೆಯತೊಡಗುತ್ತದೆ.

ಇದಕ್ಕೆ ಎಲ್ಲರಿಗೂ ತಿಳಿದ ಒಂದು ಉದಾಹರಣೆ ಇದೆ. ಇಂಗ್ಲೆಂಡಿನ ರೇಡಿಯೋಹೆಡ್ ಎಂಬ ಸಂಗೀತ ತಂಡದ ಗಾಯಕ ಥಾಮ್ ಯಾರ್ಕ್ 1990ರ ದಶಕದಲ್ಲಿ 'ಓಕೆ ಕಂಪ್ಯೂಟರ್' ಆಲ್ಬಮ್ ಸಿದ್ಧಪಡಿಸುವಾಗ ಮಿನಿಡಿಸ್ಕುಗಳಲ್ಲಿ ಬಹಳಷ್ಟು ಧ್ವನಿಮುದ್ರಿಸಿಟ್ಟುಕೊಂಡಿದ್ದರು. ಅರ್ಧಂಬರ್ಧ ರಾಗ, ತಪ್ಪು ಹೆಜ್ಜೆ, ಗುನುಗು ಎಲ್ಲ ಸೇರಿ ಸುಮಾರು 18 ಗಂಟೆ. 2019ರಲ್ಲಿ ಯಾರೋ ಅದನ್ನು ಕದ್ದು ಹೊರಗೆ ಬಿಟ್ಟರು. ಕಳ್ಳರು ಹಣ ಕೇಳಿದ್ದರೆಂದು ತಂಡದವರು ಹೇಳಿದರು. ಹಣ ಕೊಡುವ ಬದಲು ಅವರು ಆ 18 ಗಂಟೆಯನ್ನೂ ತಾವೇ 18 ದಿನಗಳ ಕಾಲ 18 ಪೌಂಡಿಗೆ ಮಾರಿ, ಬಂದ ಹಣವನ್ನು ಪರಿಸರ ಚಳವಳಿಯೊಂದಕ್ಕೆ ಕೊಟ್ಟರು.

ದನಿ ಅದೇ, ಡಿಸ್ಕಿನಲ್ಲಿದ್ದ ರಾಗ ಅದೇ. ಹಿಂದಿನ ದಿನ ಕೇಳಿದವನ ಕಿವಿಗೆ ಬಿದ್ದದ್ದು ಕೊಡದೆ ಇದ್ದದ್ದು. ಮರುದಿನ ಕೇಳಿದವನಿಗೆ ಸಿಕ್ಕಿದ್ದು ಕೊಟ್ಟದ್ದು. ನಡುವೆ ಬದಲಾದದ್ದು ಒಡೆಯರ ಚೇತನಾ, ಅಂದರೆ ಉದ್ದೇಶ, ಅಷ್ಟೇ. ಎರಡನೆಯ ಶೀಲ ನಿಂತಿರುವುದೇ ಆ ಕೂದಲೆಳೆಯಷ್ಟು ಜಾಗದಲ್ಲಿ.

ಇದು ದೂರದ ದೇಶದ ಮಾತು, ನಮಗೇನು ಎನ್ನಬೇಡಿ. ಕಳೆದ ವರ್ಷ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಕೂಲಿ ಮಾಡುವ ಒಬ್ಬ ತಾಯಿ ಮಗಳ ಶುಲ್ಕಕ್ಕೆ ಎರಡು ವಾರ ಸಮಯ ಕೊಡಿ ಎಂದು ಒಬ್ಬರಿಗೆ ವಾಟ್ಸಾಪಿನಲ್ಲಿ ಆಡಿಯೋ ಕಳುಹಿಸಿದ್ದರು. ಅಕ್ಷರ ಬರೆಯಲು ಬಾರದ್ದರಿಂದ ದನಿಯಲ್ಲೇ ಹೇಳಿದ್ದರು, ಹೇಳುತ್ತಾ ಅತ್ತಿದ್ದರು. ಸಂಜೆಯೊಳಗೆ ಆ ಆಡಿಯೋ ಮೂರು ಗುಂಪುಗಳಲ್ಲಿತ್ತು. ಮೊದಲು ಕಳುಹಿಸಿದವರ ಉದ್ದೇಶ ಸಹಾಯ ಕೇಳುವುದೇ ಇದ್ದಿರಬಹುದು. ಆದರೆ ಆ ದನಿಯನ್ನು ಊರಿನವರೆಲ್ಲ ಗುರುತು ಹಿಡಿದರು. ಮಗಳು ಒಂದು ವಾರ ಶಾಲೆಗೆ ಬರಲಿಲ್ಲ. ತಾಯಿ ತನ್ನ ಕಷ್ಟವನ್ನು ಕೊಟ್ಟದ್ದು ಒಬ್ಬರಿಗೆ. ಉಳಿದವರೆಲ್ಲ ಅದನ್ನು ತೆಗೆದುಕೊಂಡರು. ಒಬ್ಬರೂ ಕಳ್ಳರಲ್ಲ, ಎಲ್ಲರೂ ಪಂಚಶೀಲ ಬಲ್ಲವರೇ ಇರಬಹುದು.

ಈ ಮಾತಿಗೆ ಎರಡು ಆಕ್ಷೇಪಗಳನ್ನು ಎತ್ತಬಹುದು. ಎರಡೂ ಗಟ್ಟಿಯಾದವು.

ಮೊದಲನೆಯದು: ಎಲ್ಲವೂ ಅನಿಚ್ಚ. ಪ್ಲೇಯರೂ ಕೆಡುತ್ತದೆ, ಡಿಸ್ಕೂ ಕೆಡುತ್ತದೆ, ದನಿಯೂ ಹೋಗುತ್ತದೆ. ಅಳಿಸಿದರೆ ತಪ್ಪೇನು? ನಿಜ, ಎಲ್ಲವೂ ಹೋಗುತ್ತದೆ. ಆದರೆ ಹೋಗುತ್ತದೆ ಎಂದು ತಿಳಿಯುವುದು ಬೇರೆ, ಹೋಗುವಂತೆ ನೂಕುವುದು ಬೇರೆ. ಮರದ ಎಲೆ ಉದುರುತ್ತದೆ ಎಂದು ನಾವು ಕೊಂಬೆ ಕಡಿಯುವುದಿಲ್ಲ. ಅನಿಚ್ಚ ಎಂಬ ತಿಳಿವು ನಮ್ಮ ಕೈಯನ್ನು ಮೃದು ಮಾಡಬೇಕು, ಉಡಾಫೆ ಮಾಡಬಾರದು.

ಎರಡನೆಯದು ನನ್ನನ್ನು ಹೆಚ್ಚು ಕಾಡುವ ಆಕ್ಷೇಪ. ಸಾಮಾನ್ಯರ ದನಿಯನ್ನೆಲ್ಲ ಹೀಗೆ ಮುಟ್ಟದೆ ಬಿಟ್ಟರೆ ಚರಿತ್ರೆ ಉಳಿಯುವುದು ಹೇಗೆ? ನನ್ನ ಅಜ್ಜಿಯ ದನಿ ಎಲ್ಲೂ ಇಲ್ಲ. ಅವಳು ನಾಟಿ ಮಾಡುವಾಗ ಹೇಳುತ್ತಿದ್ದ ಪದಗಳು ಅವಳ ಜೊತೆಗೇ ಹೋದವು. ನಮ್ಮ ಎಷ್ಟೋ ಹಿರಿಯರದು ಇದೇ ಕಥೆ. ದನಿ ಉಳಿಸಿಕೊಳ್ಳಲು ಯಂತ್ರವಿಲ್ಲದ ಜನಕ್ಕೆ ದನಿಯ ಬೆಲೆ ಗೊತ್ತು. ಹಾಗಿರುವಾಗ ಸಿಕ್ಕ ದನಿಯನ್ನು ಉಳಿಸಿ ಹಂಚುವುದು ಪುಣ್ಯವಲ್ಲವೇ?

ಇದಕ್ಕೆ ನನ್ನ ಉತ್ತರ ಹೀಗಿದೆ. ಯಾವುದನ್ನು ಎಲ್ಲರಿಗೆಂದು ಕೊಟ್ಟರೋ ಅದನ್ನು ಉಳಿಸೋಣ. ಮಿನಿಡಿಸ್ಕುಗಳಲ್ಲಿ ಎಷ್ಟೋ ಜನ ರೇಡಿಯೋ ಕಾರ್ಯಕ್ರಮಗಳನ್ನು ಇಳಿಸಿಟ್ಟಿದ್ದಾರೆ. ಕೇಂದ್ರದಲ್ಲೂ ಉಳಿಯದ ಕಾರ್ಯಕ್ರಮ ಅಂಥ ಡಿಸ್ಕಿನಲ್ಲಿದ್ದರೆ ಅದನ್ನು ಕಾಪಾಡುವುದು ಸೇವೆ. ಅದು ಹುಟ್ಟಿದ್ದೇ ಊರೆಲ್ಲ ಕೇಳಲಿ ಎಂದು. ನಮ್ಮ ಹಿರಿಯರ ದನಿ ಬೇಕಿದ್ದರೆ ಅವರು ಇರುವಾಗಲೇ ಎದುರು ಕೂತು, "ಇದನ್ನು ಮುದ್ರಿಸಿಕೊಳ್ಳಲೇ, ಮೊಮ್ಮಕ್ಕಳಿಗೆ ಕೇಳಿಸಲೇ" ಎಂದು ಕೇಳಿ ಪಡೆಯೋಣ. ಕೇಳಿ ಪಡೆದದ್ದೇ ಕೊಟ್ಟದ್ದು. ಮನೆಯೊಳಗಿನ ದನಿ ದಾರಿತಪ್ಪಿ ನಮ್ಮ ಕೈಗೆ ಬಂದಿದ್ದರೆ ಮಾತ್ರ ಅದರ ವಿಳಾಸ ಹುಡುಕಿ ಮರಳಿಸೋಣ, ಆಗದಿದ್ದರೆ ಸುಮ್ಮನಿರೋಣ. ನಮ್ಮ ದನಿಯನ್ನು ನಮ್ಮನ್ನು ಕೇಳದೆಯೇ ಬೇರೆಯವರು ಬಳಸಿದ್ದನ್ನು ಕಂಡ ನಾವು ಇನ್ನೊಬ್ಬರಿಗೆ ಅದನ್ನೇ ಮಾಡಬಾರದು.

ಆ ಹುಡುಗ ಅಂಗಡಿಗೆ ಹೋಗಿ ವಿಚಾರಿಸಿದ. ಮಾರಿದವರ ವಿವರ ಕೊಡಲಾಗದು ಎಂದರು. ಅವರದೂ ಸರಿಯೇ. ಒಂಬತ್ತು ಡಿಸ್ಕುಗಳಲ್ಲಿ ಅವನು ತನ್ನ ಹಾಡು ತುಂಬಿಕೊಂಡ. ಹತ್ತನೆಯದನ್ನು ಕೇಳಲೂ ಇಲ್ಲ, ಅಳಿಸಲೂ ಇಲ್ಲ, ತೆಗೆದಿಟ್ಟಿದ್ದಾನೆ. ಯಾವತ್ತಾದರೂ ಯಾರಾದರೂ ಹುಡುಕಿಕೊಂಡು ಬಂದಾರು ಎಂಬ ಆಸೆ ಅವನಿಗಿಲ್ಲ. ಆ ತುಂಡನ್ನು ಹಿಂದಕ್ಕೆ ಸರಿಸಲು ಕೈ ಬರಲಿಲ್ಲ ಎಂದಷ್ಟೇ ಹೇಳಿದ. ಅವನ ಕಪಾಟಿನಲ್ಲಿರುವ ಎಲ್ಲ ಪ್ಲೇಯರ್‌ಗಳಿಗಿಂತ ಆ ಮಾತು ನನಗೆ ಹೆಚ್ಚು ಬೆಲೆಯದಾಗಿ ಕಂಡಿತು.

ಮಿನಿಡಿಸ್ಕಿನಲ್ಲಿ ಎಲ್ಲವನ್ನೂ ಅಳಿಸಲು ಹೊರಟರೆ ಯಂತ್ರ ತಟಕ್ಕನೆ ಅಳಿಸುವುದಿಲ್ಲ. ಪರದೆಯ ಮೇಲೆ ಒಂದು ಪ್ರಶ್ನೆ ಮೂಡುತ್ತದೆ, ಮತ್ತೊಮ್ಮೆ ಗುಂಡಿ ಒತ್ತಿದರಷ್ಟೇ ಕೆಲಸ ಮುಂದುವರಿಯುತ್ತದೆ. ನಮ್ಮ ಮೊಬೈಲಿನ ಫಾರ್ವರ್ಡ್ ಗುಂಡಿ ಹಾಗೆ ಕೇಳುವುದಿಲ್ಲ. ಅದು ಕೇಳದ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕು.

ಇಂದಿನ ಅಭ್ಯಾಸಕ್ಕೆ ಒಂದೇ ಕೆಲಸ. ಈ ದಿನ ನಿಮ್ಮ ಮೊಬೈಲಿಗೆ ಬರುವ ಯಾವುದೇ ದನಿ, ಚಿತ್ರ, ಪತ್ರವನ್ನು ಮುಂದಕ್ಕೆ ಕಳುಹಿಸುವ ಮುನ್ನ ಒಂದು ಉಸಿರು ನಿಂತು ಕೇಳಿಕೊಳ್ಳಿ: ಇದು ನನಗೆ ಬಂದಿದೆ, ನಿಜ. ಆದರೆ ಇದನ್ನು ನನಗೆ ಕೊಟ್ಟಿದ್ದಾರೆಯೇ?

ಮನೆಯ ಮಕ್ಕಳೊಂದಿಗೂ ಈ ಪ್ರಶ್ನೆಯನ್ನು ಚರ್ಚಿಸಿ. ಅವರು ಏನು ಹೇಳಿದರೆಂದು ಭಾನುವಾರದ ಅಧ್ಯಯನಕ್ಕೆ ಬಂದಾಗ ತಿಳಿಸಿ.

ಜೈಭೀಮ್. ನಮೋ ಬುದ್ಧಾಯ.