ಹತ್ತಬೇಕೋ, ಬೇಡವೋ

ಭಾದ್ರಪದದ ಮಳೆ. ಕೋಲ್ಕತ್ತದ ಕಾಲೇಜ್ ಸ್ಟ್ರೀಟಿನಲ್ಲಿ ಮೊಣಕಾಲುದ್ದ ನೀರು. ಟ್ಯಾಕ್ಸಿಗಳು ನಿಂತಿದ್ದವು, ಓಡುತ್ತಿದ್ದುದು ಮನುಷ್ಯರು ಎಳೆಯುವ ರಿಕ್ಷಾಗಳು ಮಾತ್ರ. ಇವು ಅಮಾನವೀಯವೆಂದು ಪಶ್ಚಿಮ ಬಂಗಾಳದ ವಿಧಾನಸಭೆ 2006ರಲ್ಲೇ ನಿಷೇಧದ ಮಸೂದೆ ಅಂಗೀಕರಿಸಿತ್ತು. ನನ್ನ ಅಭಿಪ್ರಾಯವೂ ಅದೇ. ಗಂಟೆ ಬಾರಿಸುತ್ತ ಬಂದ ಮುದುಕನಿಗೆ, ಹತ್ತುವುದಿಲ್ಲ ಎಂದು ಹೇಳಿ ನೂರರ ನೋಟು ಚಾಚಿದೆ. ಆತ ಮುಟ್ಟಲಿಲ್ಲ. “ಕೂತರೆ ಕೊಡಿ, ಬಾಬು” ಎಂದ. ಕೂತೆ. ನನ್ನ ಕಾಲು ನೀರಿನಿಂದ ಮೇಲೆ. ಕಣ್ಣ ಮುಂದೆ ಆತನ ಒದ್ದೆ ಬೆನ್ನು.

ಹತ್ತದಿದ್ದರೆ ನನ್ನ ಮನಸ್ಸು ಹಗುರವಾಗುತ್ತಿತ್ತು, ಆತನ ಜೇಬೂ. ಹತ್ತಿದ್ದು ಸರಿಯೆಂದೂ ಹೇಳಲಾರೆ: ಆತನಿಗೆ ಬೇರೆ ದಾರಿಯಿಲ್ಲದ್ದೇ ನನ್ನ ಅನುಕೂಲವಾಗಿತ್ತು. ಇಷ್ಟು ಮಾತ್ರ ತಿಳಿಯಿತು: ಒಬ್ಬರ ಕೆಲಸವನ್ನು ತಪ್ಪೆನ್ನುವವರು, ಅದು ನಿಂತ ದಿನ ಅವರ ಮನೆಯ ಒಲೆ ಹೇಗೆ ಉರಿಯಬೇಕೆಂದೂ ಹೇಳಬೇಕು. ನನ್ನ ಬಳಿ ಆ ಉತ್ತರ ಇರಲಿಲ್ಲ.