ತಾಯಿಯ ಕೊರಗು ಮತ್ತು ಕ್ಷಮಾವಾಣಿ

ದಶಲಕ್ಷಣ ಪರ್ವವು ಮುಗಿದು ಕ್ಷಮಾವಾಣಿಯ ದಿನ ಬಂದಾಗ ಶ್ರಾವಕ-ಶ್ರಾವಿಕೆಯರು ಬಸದಿಯಲ್ಲಿ ಪರಸ್ಪರ ಕೈಮುಗಿದು ಕ್ಷಮೆ ಬೇಡುತ್ತಾರೆ. ಆದರೆ ಹೆತ್ತ ಮಗಳ ಮುಂದೆ ಅದೇ ಮಾತನ್ನಾಡಲು ನಾಲಗೆ ಏಳದ ತಾಯಂದಿರೂ ಉಂಟು.

ಹಳ್ಳಿಯನ್ನು ಬಿಟ್ಟು ಬಂದು ಯಲಹಂಕದಲ್ಲಿ ನೆಲೆಸಿದ ಒಂದು ಸಂಸಾರವನ್ನು ಭಾವಿಸಿಕೊಳ್ಳಬಹುದು. ಪತಿಗೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಮನೆಯಲ್ಲಿ ಹಿರಿಯರ ಆಸರೆಯಿಲ್ಲ. ಚೊಚ್ಚಲ ಮಗಳು ಒಂಬತ್ತನೆಯ ವಯಸ್ಸಿಗೇ ತಮ್ಮಂದಿರಿಗೆ ಎರಡನೆಯ ತಾಯಿಯಾದಳು. ತಪ್ಪು ಯಾರದಾದರೂ ಏಟು ಬಿದ್ದುದು ಅವಳಿಗೆ. ಕಿರಿಯರು ಬೆಳೆಯುವ ಹೊತ್ತಿಗೆ ತಾಯಿ ತಾಳ್ಮೆಯನ್ನು ಕಲಿತಿದ್ದಳು; ಆ ಕಲಿಕೆಯ ಬೆಲೆ ತೆತ್ತವಳು ಹಿರಿಯ ಮಗಳು. ಮಕ್ಕಳೆಲ್ಲ ಬೆಳೆದು ದೂರವಾದ ಮೇಲೆ ತಾಯಿ ಅದನ್ನೇ ನೆನೆದು ಕೊರಗುತ್ತಾಳೆ. ಈ ಕೊರಗಿನಿಂದ ದೋಷವು ತೊಳೆದುಹೋಗುವುದೇ?

ದುಃಖ, ಶೋಕ, ತಾಪ, ಆಕ್ರಂದನ ಮೊದಲಾದವುಗಳನ್ನು ಪರರಲ್ಲಿ ಉಂಟುಮಾಡಿದರೂ ತನ್ನಲ್ಲೇ ಉಂಟುಮಾಡಿಕೊಂಡರೂ ಅವು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣವೆಂದು ತತ್ವಾರ್ಥಸೂತ್ರದ ಆರನೆಯ ಅಧ್ಯಾಯವು ತಿಳಿಸುತ್ತದೆ. ಮಗಳನ್ನು ನೋಯಿಸಿದುದು ಒಂದು ಬಂಧವಾದರೆ, ಶೋಕದಲ್ಲೇ ಮುಳುಗಿರುವುದು ಮತ್ತೊಂದು ಬಂಧ. ಪಶ್ಚಾತ್ತಾಪವು ತಪ್ಪಲ್ಲ, ಅದು ಅಲ್ಲಿಗೇ ನಿಲ್ಲುವುದು ತಪ್ಪು. ಅದೇ ಗ್ರಂಥದ ಒಂಬತ್ತನೆಯ ಅಧ್ಯಾಯವು ಹೇಳುವ 9 ಬಗೆಯ ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದು ಆಲೋಚನೆ, ಅಂದರೆ ಮಾಡಿದ ದೋಷವನ್ನು ಮರೆಮಾಚದೆ ಗುರುವಿನಲ್ಲಿ ನಿವೇದಿಸುವುದು. ಬಾಯಿಬಿಟ್ಟು ಹೇಳುವುದರಿಂದಲೇ ಶುದ್ಧಿಯ ಆರಂಭ.

ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಚಂದ್ರಮತಿಯು ಮಗನ ಕ್ಷೇಮಕ್ಕೆಂದೇ ಹಿಟ್ಟಿನ ಕೋಳಿಯ ಬಲಿಗೆ ಅವನನ್ನು ಒಡಂಬಡಿಸಿದಳು. ವಾತ್ಸಲ್ಯವು ಆಕೆಯನ್ನು ಕರ್ಮಫಲದಿಂದ ಉಳಿಸಲಿಲ್ಲ. ತಾಯಿ-ಮಗ ಇಬ್ಬರೂ ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲಿದರು. ಕೊನೆಗೆ ಅಭಯರುಚಿ, ಅಭಯಮತಿ ಎಂಬ ಒಡಹುಟ್ಟಿದವರಾಗಿ ಜನಿಸಿ ಧರ್ಮಮಾರ್ಗದಲ್ಲಿ ಜೊತೆಯಾಗಿ ನಡೆದರು. ತಾಯಿಯ ಹಿರಿತನವು ಒಂದು ಜನ್ಮದ್ದು. ಜೀವದ್ರವ್ಯವಾಗಿ ತಾಯಿಯೂ ಮಗುವೂ ಸಮಾನರು.

ಹಿರಿಯರು ಕಿರಿಯರಲ್ಲಿ ಕ್ಷಮೆ ಬೇಡಿದರೆ ಗೌರವಕ್ಕೆ ಕುಂದಲ್ಲವೇ ಎಂದು ಕೆಲವರು ಶಂಕಿಸಬಹುದು. ಏಕೇಂದ್ರಿಯ ಜೀವಿಗಳಲ್ಲೂ ಕ್ಷಮೆ ಬೇಡುವ ಧರ್ಮದಲ್ಲಿ ಮನೆಯ ಮಗಳೊಬ್ಬಳು ಹೊರಗಾಗುವುದು ಹೇಗೆ?

ಆದುದರಿಂದ, ಅಂದಿನ ಬಡತನವನ್ನು ಮುಂದೊಡ್ಡದೆ, ತನ್ನ ಕಣ್ಣೀರನ್ನು ಮಗಳೇ ಒರೆಸಬೇಕಾದ ಸ್ಥಿತಿಯನ್ನು ತಂದೊಡ್ಡದೆ, “ಅಂದು ನಿನ್ನನ್ನು ಅನ್ಯಾಯವಾಗಿ ಹೊಡೆದೆ ಮಗಳೇ, ತಪ್ಪು ನನ್ನದು” ಎಂದು ತಾಯಿ ಹೇಳಬೇಕು. ಕ್ಷಮಿಸುವುದೂ ಕ್ಷಮಿಸದಿರುವುದೂ ಮಗಳಿಗೆ ಸೇರಿದ್ದು; ಹೇಳುವುದು ಮಾತ್ರ ತಾಯಿಯ ಧರ್ಮ.