ಪ್ರವೇಶ ಪರೀಕ್ಷೆಯನ್ನು ಮುಂದೂಡುವುದು ಯೋಗ್ಯವೇ?

ಮಾಡಬೇಕಾದ ಕಾರ್ಯವನ್ನು ಇಂದೇ ಮಾಡಬೇಕೋ, ತಡೆದು ಮಾಡಬೇಕೋ ಎಂಬ ಪ್ರಶ್ನೆ ಮನುಷ್ಯನಷ್ಟೇ ಹಳೆಯದು. ಒಮ್ಮೆ ಆತುರವು ಕಾರ್ಯವನ್ನು ಕೆಡಿಸುತ್ತದೆ. ಇನ್ನೊಮ್ಮೆ ಆಲಸ್ಯವು ಕೆಡಿಸುತ್ತದೆ. ಆತುರವು ಉತ್ಸಾಹದ ಹೆಸರಿನಿಂದಲೂ ಅಂಜಿಕೆಯು ವಿವೇಕದ ಹೆಸರಿನಿಂದಲೂ ಮನವನ್ನು ಹೊಗುವುದರಿಂದ ಅವುಗಳನ್ನು ಗುರುತಿಸುವುದು ಸುಲಭವಲ್ಲ. ಪ್ರತಿವರ್ಷ ಬೇಸಗೆ ಸಮೀಪಿಸುತ್ತಿರುವಾಗ ನಮ್ಮ ನಾಡಿನ ಅನೇಕ ಗೃಹಸ್ಥರ ಮನೆಗಳಲ್ಲಿ ಈ ಪ್ರಶ್ನೆ ಒಂದು ವಿಶೇಷ ರೂಪದಲ್ಲಿ ತಲೆದೋರುತ್ತದೆ. ವೈದ್ಯವಿದ್ಯೆಯನ್ನು ಕಲಿಯಬೇಕೆಂದಿರುವ ಮಗನೋ ಮಗಳೋ ತಂದೆತಾಯಿಗಳ ಮುಂದೆ ನಿಂತು, “ನನ್ನ ಓದು ಮುಗಿದಿಲ್ಲ, ಈ ವರ್ಷ ಪರೀಕ್ಷೆಗೆ ಕೂಡುವುದು ಬೇಡ, ಬರುವ ವರ್ಷ ಕೂಡುತ್ತೇನೆ” ಎಂದು ಹೇಳುವುದುಂಟು. ಇದಕ್ಕೆ ಹಿರಿಯರು ಏನೆಂದು ಉತ್ತರ ಕೊಡಬೇಕು? ಕೇಳುವ ಮಗು ತಾನೇ ತನಗೆ ಏನೆಂದು ಉತ್ತರ ಕೊಟ್ಟುಕೊಳ್ಳಬೇಕು?

ಮೊದಲು ಪರೀಕ್ಷೆಯ ಸ್ವರೂಪವನ್ನು ಅರಿಯೋಣ. ನೀಟ್ ಎಂದು ಕರೆಯಲ್ಪಡುವ ಈ ಪರೀಕ್ಷೆ ವರ್ಷಕ್ಕೊಮ್ಮೆ ನಡೆಯತಕ್ಕದ್ದು. ಒಟ್ಟು 720 ಅಂಕಗಳು. ಭೌತಶಾಸ್ತ್ರ, ರಸಾಯನಶಾಸ್ತ್ರಗಳಿಗೆ ಒಂದೊಂದು ಪಾಲು, ಜೀವಶಾಸ್ತ್ರಕ್ಕೆ ಎರಡು ಪಾಲು. 2025ರಲ್ಲಿ 22 ಲಕ್ಷಕ್ಕೂ ಮಿಕ್ಕ ವಿದ್ಯಾರ್ಥಿಗಳು ಇದನ್ನು ಬರೆದರು, ಎಂ.ಬಿ.ಬಿ.ಎಸ್. ಸ್ಥಾನಗಳಾದರೋ ದೇಶದಲ್ಲೆಲ್ಲ ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಅಮೆರಿಕಾದಲ್ಲಿ ನೆಲೆಸಿರುವ ನಮ್ಮವರ ಮಕ್ಕಳು ಬರೆಯುವ ಎಂಕ್ಯಾಟ್ ಪರೀಕ್ಷೆಗೆ ಒಂದು ವರ್ಷದಲ್ಲಿಯೇ ಹಲವು ದಿನಗಳುಂಟು. ಅಲ್ಲಿ ಮುಂದೂಡುವುದೆಂದರೆ ಕೆಲವು ವಾರಗಳ ಮಾತು. ಆದರೆ ಅಲ್ಲಿ ಜೀವಮಾನದಲ್ಲಿ ಏಳು ಬಾರಿಗಿಂತ ಹೆಚ್ಚು ಬರೆಯಕೂಡದೆಂಬ ಕಟ್ಟಳೆಯಿದೆ. ಇಲ್ಲಿ ಮುಂದೂಡುವುದೆಂದರೆ ಬಾಳಿನ ಒಂದು ಪೂರ್ಣ ಸಂವತ್ಸರದ ಮಾತು. ಆದರೆ ಎಷ್ಟು ಬಾರಿ ಬರೆಯಬಹುದೆಂಬುದಕ್ಕೆ ಮಿತಿಯಿಲ್ಲ. ಸಾಮಾನ್ಯ ವರ್ಗಕ್ಕೆ 25 ವರ್ಷವೆಂದಿದ್ದ ವಯಸ್ಸಿನ ಮೇಲ್ಮಿತಿಯನ್ನೂ 2022ರಲ್ಲಿ ತೆಗೆದುಹಾಕಲಾಯಿತು. ಈ ದೇಶದ ಕಾಲೇಜುಗಳ ಪ್ರವೇಶಕ್ಕೆ ಆಯಾ ವರ್ಷದ ಅಂಕವಷ್ಟೇ ಗಣನೆಗೆ ಬರುತ್ತದೆ.

ಈ ನಿಯಮಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. “ಈ ವರ್ಷ ಬರೆಯಬೇಕೇ?” ಎಂಬುದು ಒಂದು ಪ್ರಶ್ನೆ, “ಇನ್ನೊಂದು ವರ್ಷ ಓದಬೇಕೇ?” ಎಂಬುದು ಬೇರೊಂದು ಪ್ರಶ್ನೆ. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಗೊಂದಲವು ಹುಟ್ಟುತ್ತದೆ. ಈ ವರ್ಷ ಬರೆದು, ಅಂಕ ಸಾಲದಾದರೆ ಮುಂದಿನ ವರ್ಷ ಮತ್ತೆ ಬರೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಇಂದಿನ ಕಡಿಮೆ ಅಂಕವು ನಾಳಿನ ಹೆಚ್ಚಿನ ಅಂಕಕ್ಕೆ ಕಳಂಕವಾಗಿ ಅಂಟಿಕೊಳ್ಳುವುದೂ ಇಲ್ಲ. ಹೀಗಿರಲು, ದೇಹಾರೋಗ್ಯವುಳ್ಳ ವಿದ್ಯಾರ್ಥಿಯು ಪರೀಕ್ಷಾ ಮಂದಿರಕ್ಕೆ ಹೋಗದೆ ಉಳಿದು ಏನನ್ನು ಉಳಿಸಿಕೊಂಡಂತಾಯಿತು? ಬಹುಮಟ್ಟಿಗೆ ಅವನು ಉಳಿಸಿಕೊಳ್ಳುವುದು ಅಂಕವನ್ನಲ್ಲ, ಮಾನವನ್ನು. ತಾನು ಎಷ್ಟರವನೆಂಬುದು ಹತ್ತು ಜನಕ್ಕೆ ತಿಳಿಯಬಾರದೆಂಬ, ಅದಕ್ಕಿಂತ ಮಿಗಿಲಾಗಿ ತನಗೇ ತಿಳಿಯಬಾರದೆಂಬ ಅಂಜಿಕೆಯೇ ಅಲ್ಲಿ ವಿವೇಕದ ವೇಷವನ್ನು ತೊಟ್ಟಿರುತ್ತದೆ. ಶರಣರು ಅರಿವನ್ನು ಗುರುವೆಂದು ಭಾವಿಸಿದರು. ತನ್ನ ಕೊರತೆಯ ಅರಿವೂ ಅರಿವೇ ಅಲ್ಲವೇ? ಆ ಗುರುವಿನಿಂದ ಮರೆಯಾಗುವವನು ಒಂದು ವರ್ಷ ಹೆಚ್ಚು ಓದಿದರೂ ಎಲ್ಲಿ ತಿದ್ದಿಕೊಳ್ಳಬೇಕೆಂಬುದನ್ನು ಹೇಗೆ ಕಂಡಾನು?

ಹಾಗಾದರೆ ಮುಂದೂಡುವುದು ಸರ್ವಥಾ ತಪ್ಪೇ? ಅಲ್ಲ. ಜ್ವರದಿಂದ ಮಲಗಿದವನನ್ನು, ಮನೆಯಲ್ಲಿ ಸಾವಿನ ದುಃಖವನ್ನುಂಡವಳನ್ನು, ನಿದ್ರೆ ಆಹಾರಗಳು ತಪ್ಪಿ ಮನಸ್ಸು ಕುಸಿದ ಎಳೆಯರನ್ನು ಪರೀಕ್ಷೆಗೆ ನೂಕುವುದು ಕ್ರೌರ್ಯವೇ ಹೊರತು ಶಿಸ್ತಲ್ಲ. 2020ರ ಕೋವಿಡ್ ಕಾಲದಲ್ಲಿ ಈ ಪರೀಕ್ಷೆಯೇ ಮೇ 3ರಿಂದ ಜುಲೈ 26ಕ್ಕೂ, ಅಲ್ಲಿಂದ ಸೆಪ್ಟೆಂಬರ್ 13ಕ್ಕೂ ಮುಂದಕ್ಕೆ ಹೋಯಿತು. ಮತ್ತೂ ಮುಂದೂಡಬೇಕೆಂಬ ಪ್ರಾರ್ಥನೆಯನ್ನು ಸರ್ವೋಚ್ಚ ನ್ಯಾಯಾಲಯವು ಆಗಸ್ಟ್ ತಿಂಗಳಲ್ಲಿ ತಳ್ಳಿಹಾಕಿತು. ವಿದ್ಯಾರ್ಥಿಗಳ ವರ್ಷವೊಂದು ವ್ಯರ್ಥವಾಗಬಾರದೆಂಬುದು ಅದರ ಅಭಿಪ್ರಾಯ. ಆದರೆ ಆ ಸೋಂಕಿನಿಂದಲೋ ನಿರ್ಬಂಧದಿಂದಲೋ ಬರೆಯಲಾಗದೆ ಉಳಿದವರಿಗೆ ಅಕ್ಟೋಬರ್ 14ರಂದು ಮತ್ತೊಮ್ಮೆ ಅವಕಾಶ ದೊರೆಯಿತು. ನಿಜವಾದ ಅಶಕ್ತಿಗೂ ಸಾಮಾನ್ಯವಾದ ಅಳುಕಿಗೂ ಅಲ್ಲಿ ತೋರಿದ ಭೇದವನ್ನು ನಾವು ಮನೆಯಲ್ಲಿಯೂ ತೋರಬೇಕು.

ಈ ಭೇದವನ್ನು ಕಂಡುಕೊಳ್ಳುವುದಕ್ಕೆ ವಿದ್ಯಾರ್ಥಿಯು ಏಕಾಂತದಲ್ಲಿ ಕುಳಿತು ಎರಡು ಮಾತುಗಳನ್ನು ಕೇಳಿಕೊಳ್ಳಲಿ. ನನ್ನ ಅಂಕವನ್ನು ನೆಂಟರಾಗಲಿ ನೆರೆಯವರಾಗಲಿ ಎಂದೂ ಕೇಳುವುದಿಲ್ಲವೆಂದಾದರೆ ಆಗಲೂ ನಾನು ಮುಂದೂಡುವೆನೇ? ಇದು ಮೊದಲನೆಯದು. ದೊರೆಯುವ ಈ ವರ್ಷದಲ್ಲಿ ನಾನು ಮಾಡುವ ಕೆಲಸವನ್ನು ಹೆಸರಿಟ್ಟು ಹೇಳಬಲ್ಲೆನೇ? ಇದು ಎರಡನೆಯದು. “ಚೆನ್ನಾಗಿ ಓದುತ್ತೇನೆ” ಎಂಬುದು ಕೆಲಸದ ಹೆಸರಲ್ಲ, ಆಸೆಯ ಹೆಸರು. “ಭೌತಶಾಸ್ತ್ರದ ಲೆಕ್ಕಗಳು ನನಗೆ ಬರುವುದಿಲ್ಲ, ಮೂರು ತಿಂಗಳು ಅವನ್ನೇ ಸಾಧಿಸುತ್ತೇನೆ, ನಿತ್ಯ ಇಷ್ಟು ಹೊತ್ತು, ವಾರಕ್ಕೊಮ್ಮೆ ಪರೀಕ್ಷಿಸಿಕೊಳ್ಳುತ್ತೇನೆ” ಎಂಬುದು ಕೆಲಸದ ಹೆಸರು. ಕಾಯಕವೆಂಬ ಮಾತಿಗೆ ನೇಮ ನಿಷ್ಠೆಗಳು ಎಂದೂ ಅಂಟಿಕೊಂಡೇ ಇವೆ. ನೇಮವಿರುವ ತಡವು ಸಿದ್ಧತೆ; ನೇಮವಿಲ್ಲದ ತಡವು ಕಾಲಹರಣ.

ಇನ್ನು ಗೃಹಸ್ಥರ ಮಾತು. ಒಂದು ವರ್ಷದ ಓದು ಆಕಾಶದಿಂದ ಬರುವುದಿಲ್ಲ. ಅದು ತಂದೆಯ ದುಡಿಮೆಯಿಂದ, ತಾಯಿಯ ಉಳಿತಾಯದಿಂದ, ಎಷ್ಟೋ ವೇಳೆ ಹೊಲದ ಮೇಲಿನ ಸಾಲದಿಂದ ಬರುತ್ತದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಮರಳಿ ಸುರಿದು ಬರುವಂತೆ ಹೇಳಿದ ಕಥೆಯನ್ನು ಎಲ್ಲರೂ ಬಲ್ಲರು. ವರ್ಷಗಳ ವಿಷಯದಲ್ಲಿಯೂ ಆ ಅಳತೆ ಬೇಕು. ಹೊರಗಿನ ಕಾನೂನು ವಯಸ್ಸಿಗೂ ಪ್ರಯತ್ನಕ್ಕೂ ಮಿತಿಯನ್ನು ಇಡದಿರುವಾಗ, ಮಿತಿಯನ್ನು ನಾವೇ ಇಟ್ಟುಕೊಳ್ಳಬೇಕಾಗುತ್ತದೆ. ಆ ಮಿತಿಯನ್ನು ಫಲಿತಾಂಶ ಬಂದ ಮೇಲೆ ನೋವಿನಲ್ಲಿ ನಿಶ್ಚಯಿಸದೆ, ಮೊದಲೇ ಮನೆಮಂದಿಯೆಲ್ಲ ಕುಳಿತು ಸಮಾಧಾನದಿಂದ ನಿಶ್ಚಯಿಸುವುದು ಲೇಸು.

ಇಲ್ಲಿ ಮತ್ತೊಂದು ಮಾತನ್ನು ಹೇಳದೆ ಬಿಡಲಾಗದು. ಮಗನಿಗೆ ಎರಡು ಮೂರು ವರ್ಷಗಳನ್ನು ಕೊಡುವ ಮನೆಯೇ ಮಗಳಿಗೆ ಒಂದೇ ಅವಕಾಶವನ್ನು ಕೊಟ್ಟು, “ಇನ್ನು ಸಾಕು, ವರನನ್ನು ನೋಡೋಣ” ಎನ್ನುವುದುಂಟು. ಅನುಭವಮಂಟಪದಲ್ಲಿ ಹೆಣ್ಣಿಗೂ ಗಂಡಿಗೂ ಸಮಾನ ಸ್ಥಾನವಿದ್ದಿತೆಂದು ವೇದಿಕೆಯ ಮೇಲೆ ಹೊಗಳುವವರು ಮನೆಯಲ್ಲಿ ಎರಡು ಅಳತೆಗಳನ್ನು ಇಟ್ಟುಕೊಂಡರೆ ಆ ಹೊಗಳಿಕೆಗೆ ಬೆಲೆಯೇನು? ಮಿತಿ ಎಷ್ಟೇ ಇರಲಿ, ಇಬ್ಬರಿಗೂ ಒಂದೇ ಆಗಿರಲಿ.

ಕೆಲವರು ಆಕ್ಷೇಪಿಸಬಹುದು: “ಮಿತಿಯನ್ನು ಇಟ್ಟುಕೊಂಡರೆ ವೈದ್ಯನಾಗಬೇಕೆಂಬ ಸಂಕಲ್ಪವೇ ಮುರಿದುಹೋಗುವುದಿಲ್ಲವೇ?” ಸಂಕಲ್ಪವು ಯಾವುದರ ಮೇಲೆ ನಿಂತಿದೆಯೆಂಬುದನ್ನು ಮೊದಲು ನೋಡಬೇಕು. ರೋಗಿಯ ನೋವನ್ನು ನೀಗುವುದೇ ಗುರಿಯಾದರೆ ಅದಕ್ಕೆ ಬಾಗಿಲು ಒಂದೇ ಅಲ್ಲ. ಶುಶ್ರೂಷೆ, ಔಷಧ ತಯಾರಿಕೆ, ಅಂಗಸಾಧನೆಯ ಚಿಕಿತ್ಸೆ, ಆಯುರ್ವೇದ ಇವೆಲ್ಲವೂ ಆ ಮನೆಯ ಬಾಗಿಲುಗಳೇ. ಶರಣರಲ್ಲಿ ವೈದ್ಯ ಸಂಗಣ್ಣನೆಂಬವನಿದ್ದನು. ಆತನ ವೃತ್ತಿಯೇ ಆತನ ಹೆಸರಿಗೆ ಸೇರಿಕೊಂಡಿತು. ಆದರೆ ಅದೇ ಸಾಲಿನಲ್ಲಿ ಅಂಬಿಗನೂ ಮಡಿವಾಳನೂ ಸಮನಾಗಿ ಕುಳಿತರು. ಪದವಿಯ ಮೇಲಿನ ಮೋಹವು ಸಂಕಲ್ಪವೆಂದು ಕರೆಸಿಕೊಳ್ಳಬಾರದು.

ಕೊನೆಯದಾಗಿ, ಈ ನಿರ್ಣಯವು ಮಗುವಿನ ಬಾಳಿಗೆ ಸೇರಿದ್ದೆಂಬುದನ್ನು ಹಿರಿಯರು ಮರೆಯಬಾರದು. ರಾಜಸ್ಥಾನದ ಕೋಟಾ ನಗರಕ್ಕೆ ಈ ಪರೀಕ್ಷೆಯ ಪಾಠಕ್ಕೆಂದು ಹೋದ ಎಷ್ಟೋ ಎಳೆಯರು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. 2023ರ ಆಗಸ್ಟ್‌ನಲ್ಲಿ ಅಲ್ಲಿನ ಜಿಲ್ಲಾಡಳಿತವು ಪಾಠಸಂಸ್ಥೆಗಳು ಎರಡು ತಿಂಗಳು ಯಾವ ಪರೀಕ್ಷೆಯನ್ನೂ ನಡೆಸಕೂಡದೆಂದು ಆಜ್ಞೆ ಮಾಡಬೇಕಾಯಿತು. ಮಕ್ಕಳು ಅಂಕಕ್ಕೆ ಅಂಜುವುದು ಅಲ್ಪ. ಅಂಕ ಬಾರದಿದ್ದರೆ ಮನೆಯ ಪ್ರೀತಿ ಉಳಿಯುವುದೋ ಇಲ್ಲವೋ ಎಂದು ಅಂಜುವುದೇ ಬಹಳ. ಆ ಅಂಜಿಕೆಯನ್ನು ತೆಗೆಯಬಲ್ಲವರು ತಂದೆತಾಯಿಗಳಲ್ಲದೆ ಮತ್ತಾರೂ ಇಲ್ಲ. “ಬರೆದು ಬಾ, ಬಂದ ಅಂಕವನ್ನು ನಾವೆಲ್ಲ ಸೇರಿ ನೋಡೋಣ, ಬೇಕಾದರೆ ಇನ್ನೊಂದು ವರ್ಷ ಓದುವೆಯಂತೆ” ಎಂದು ಅವರು ಮನಃಪೂರ್ವಕವಾಗಿ ನುಡಿದರೆ, ಮುಂದೂಡಬೇಕೆಂದು ನಿಂತ ಎಷ್ಟೋ ಮಕ್ಕಳು ತಾವಾಗಿಯೇ ಪರೀಕ್ಷೆಗೆ ಹೊರಡುವರು. ಆಗಲೂ ಆಗದೆಂದು ಹೇಳುವ ಮಗುವಿಗೆ ನಿಜವಾಗಿ ವಿಶ್ರಾಂತಿ ಬೇಕಾಗಿದೆಯೆಂದು ತಿಳಿದು, ಆ ವರ್ಷವನ್ನು ಪ್ರೀತಿಯಿಂದ ಕೊಡತಕ್ಕದ್ದು.